ಮಳೆಗಾಲದ ಮುನ್ಸಿದ್ಧತೆ: ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಮನೆ, ನೆರೆ ಮತ್ತು ಸಂಘ

೧

ವಿಪತ್ತುಗಳ ಇತಿಹಾಸವನ್ನು ಬರೆಯುವಾಗ ನಾವು ಸಾಮಾನ್ಯವಾಗಿ ಸರಕಾರದ ಕಡತಗಳನ್ನು ಅನುಸರಿಸಿ ನಡೆಯುತ್ತೇವೆ. ಕ್ಷಾಮ ಬಂದಾಗ ತೆರೆದ ಗಂಜಿಕೇಂದ್ರಗಳು, ಪ್ಲೇಗು ಬಂದಾಗ ಹೊರಟ ನಿರ್ಬಂಧಗಳು, ನೆರೆ ಬಂದಾಗ ಕೊಟ್ಟ ಪರಿಹಾರ, ಇವೆಲ್ಲವೂ ದಾಖಲೆಗಳಲ್ಲಿ ದೊರೆಯುತ್ತವೆ. ಆದರೆ ವಿಪತ್ತು ಬರುವುದಕ್ಕೆ ಮುನ್ನ ಜನರು ತಾವಾಗಿ ಏನು ಮಾಡಿಕೊಂಡಿದ್ದರು ಎಂಬ ಸಂಗತಿ ಕಡತಗಳಲ್ಲಿ ಅಷ್ಟಾಗಿ ಕಾಣದು. ಅದು ಮನೆಯ ಅಟ್ಟದಲ್ಲಿ, ಹಳ್ಳದ ಸಂಕದಲ್ಲಿ, ಸಹಕಾರಿ ಸಂಘದ ಲೆಕ್ಕದ ಪುಸ್ತಕದಲ್ಲಿ ಚದುರಿಹೋಗಿರುತ್ತದೆ. ಪ್ರಸ್ತುತ ಲೇಖನದಲ್ಲಿ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಮೂರು ತಾಲೂಕುಗಳನ್ನು, ಅಂದರೆ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರಗಳನ್ನು, ಈ ದೃಷ್ಟಿಯಿಂದ ಪರಿಶೀಲಿಸಲು ಯತ್ನಿಸಲಾಗಿದೆ.

ನಮ್ಮ ಪ್ರತಿಪಾದನೆಯನ್ನು ಮೊದಲೇ ಸಂಗ್ರಹವಾಗಿ ಹೇಳುವುದು ಯುಕ್ತ. ಈ ಸೀಮೆಯಲ್ಲಿ ಮುನ್ಸಿದ್ಧತೆಯು ಮೂರು ಸ್ತರಗಳಲ್ಲಿ ಬೆಳೆದು ಬಂದಿತು: ಮನೆ, ನೆರೆ ಮತ್ತು ಸಂಘ. ಒಂದೊಂದು ಸ್ತರವೂ ಒಂದೊಂದು ಬಗೆಯ ಕಷ್ಟಕ್ಕೆ ಸಮರ್ಪಕವಾದ ಉತ್ತರವಾಗಿತ್ತು. ಆದರೆ ಆ ಬಗೆಯನ್ನು ಮೀರಿದ ಕಷ್ಟ ಬಂದಾಗ ಅದು ಸೋತಿತು. ಆ ಸೋಲಿನಿಂದಲೇ ಮುಂದಿನ ಸ್ತರದ ಅವಶ್ಯಕತೆ ಜನರಿಗೆ ಮನವರಿಕೆಯಾಯಿತು. ಹಾಗೆಂದು ಮೇಲಿನ ಸ್ತರವು ಕೆಳಗಿನದನ್ನು ಅನಾವಶ್ಯಕವಾಗಿ ಮಾಡಲಿಲ್ಲ. ಇದನ್ನು ಮರೆತದ್ದರಿಂದ ಇಂದು ಕೆಲವು ತೊಂದರೆಗಳು ತಲೆದೋರಿವೆ ಎಂಬುದನ್ನು ಕೊನೆಯಲ್ಲಿ ವಿವೇಚಿಸಲಾಗುವುದು.

೨

ಬಯಲುಸೀಮೆಯ ಹಳ್ಳಿಗೂ ಮಲೆನಾಡಿನ ಹಳ್ಳಿಗೂ ಇರುವ ಅಂತರವನ್ನು ಮೊದಲು ಗಮನಿಸಬೇಕು. ಧಾರವಾಡ, ವಿಜಾಪುರಗಳ ಕಡೆ ಮನೆಗಳು ಒತ್ತಾಗಿ ಒಂದೆಡೆ ನಿಂತಿರುತ್ತವೆ. ಸುತ್ತಲೂ ಹೊಲಗಳು ಹರಡಿರುತ್ತವೆ. ಸಿದ್ದಾಪುರ ತಾಲೂಕಿನ ಹೆಗ್ಗರಣೆಯಂಥ ಗ್ರಾಮವನ್ನು ನೋಡಿದರೆ ಚಿತ್ರವೇ ಬೇರೆ. ಕಣಿವೆಯ ತಳದಲ್ಲಿ ಅಡಕೆಯ ತೋಟ, ತೋಟದ ತಲೆಯಲ್ಲಿ ಮನೆ, ಮನೆಯ ಹಿಂದೆ ಸೊಪ್ಪಿನ ಬೆಟ್ಟ, ಅದರಾಚೆಗೆ ಕಾಡು. ಒಂದು ಕೇರಿಗೂ ಇನ್ನೊಂದು ಕೇರಿಗೂ ನಡುವೆ ಗುಡ್ಡವೋ ಹಳ್ಳವೋ ಇರುತ್ತದೆ. ಜೂನ್ ತಿಂಗಳಿನಿಂದ ಸಪ್ಟಂಬರದ ವರೆಗೆ ಸುರಿಯುವ ಮಳೆಯಲ್ಲಿ ಹಳ್ಳ ತುಂಬಿದರೆ ಒಂದು ಮನೆಯೇ ಒಂದು ದ್ವೀಪವಾಗುತ್ತದೆ.

ಆದುದರಿಂದ ಎರಡು ಸೀಮೆಗಳ ಸಂಗ್ರಹಪದ್ಧತಿಗಳೂ ಬೇರೆ ಬೇರೆಯಾದವು. ಬಯಲುಸೀಮೆಯ ರೈತನು ನೆಲದೊಳಗೆ ಹಗೇವು ತೋಡಿ ಜೋಳವನ್ನು ಕೂಡಿಡುತ್ತಿದ್ದನು. ಮಳೆಯೇ ಬಾರದಿದ್ದರೆ ಎಂಬುದು ಅವನ ಭಯ. ೧೮೭೬-೭೮ರ ಮಹಾಕ್ಷಾಮವು ಆ ಭಯ ಎಷ್ಟು ಸಕಾರಣವಾದುದೆಂಬುದನ್ನು ತೋರಿಸಿಕೊಟ್ಟಿತು. ಮಲೆನಾಡಿನವನ ಭಯವಾದರೋ ಮಳೆ ಬಿಡದಿದ್ದರೆ ಎಂಬುದು. ಅವನಿಗೆ ಬೇಕಾದದ್ದು ಹಲವು ವರ್ಷಗಳ ಧಾನ್ಯವಲ್ಲ. ನಾಲ್ಕು ತಿಂಗಳ ಕಾಲ ಪೇಟೆಯ ಹಂಗಿಲ್ಲದೆ ಬದುಕುವುದಕ್ಕೆ ಬೇಕಾದ ಎಲ್ಲ ಪದಾರ್ಥ.

ಈ ಕಾರಣದಿಂದ ಮನೆಯ ಸಿದ್ಧತೆಯು ಚಳಿಗಾಲದಲ್ಲಿಯೇ ಆರಂಭವಾಗುತ್ತಿತ್ತು. ಅಡಕೆಯ ಕೊಯಿಲು ಮುಗಿಯುತ್ತಿದ್ದಂತೆ ಬೆಟ್ಟದಿಂದ ದರಕು, ಅಂದರೆ ಉದುರಿದ ಒಣ ಎಲೆಯನ್ನು, ಗುಡಿಸಿ ತಂದು ಕೊಟ್ಟಿಗೆಯ ಹಾಸಿಗೆಂದು ಕೂಡಿಹಾಕುವುದು, ಕಟ್ಟಿಗೆ ಒಡೆದು ಸೂರಿನಡಿ ಒಟ್ಟುವುದು, ಹುಲ್ಲಿನ ಗೊಣಬೆ ಹಾಕುವುದು, ಇವು ಗಂಡಸರೂ ಹೆಂಗಸರೂ ಕೂಡಿ ಮಾಡುವ ಕೆಲಸಗಳು. ಬೇಸಗೆ ಬಂದೊಡನೆ ಅಡಿಗೆಮನೆಯ ಸರದಿ. ಅಪ್ಪೆಮಿಡಿಯು ಭರಣಿಯನ್ನು ಸೇರುತ್ತಿತ್ತು. ಹಲಸಿನ ಹಪ್ಪಳ ಅಂಗಳದಲ್ಲಿ ಒಣಗುತ್ತಿತ್ತು. ಹಲಸಿನ ಸೊಳೆ ಉಪ್ಪುನೀರಿಗೆ ಬೀಳುತ್ತಿತ್ತು. ಮುರುಗಲು, ವಾಟೆಗಳ ಹುಳಿ ಒಣಗಿ ಅಟ್ಟವನ್ನೇರುತ್ತಿತ್ತು. ಜೋನಿ ಬೆಲ್ಲವನ್ನು ತುಂಬಿಡಲಾಗುತ್ತಿತ್ತು. ಉಪ್ಪಿಗೆ ಮರದ ಮರಿಗೆ. ಒಲೆಯ ಮೇಲಣ ಅಟ್ಟವು ಹೊಗೆಯ ಕಾವಿನಿಂದ ತೇವವನ್ನೂ ಹುಳುವನ್ನೂ ದೂರವಿಡುವ ಉಗ್ರಾಣವಾಗಿತ್ತು. ಈ ಜ್ಞಾನದ ಬಹುಭಾಗವು ಹೆಂಗಸರದು ಎಂಬುದು ಗಮನಿಸತಕ್ಕ ಅಂಶ. ಯಾವುದು ಎಷ್ಟು ದಿನ ಬಾಳುತ್ತದೆ, ಏಳು ಜನರ ಮನೆಗೆ ಎಷ್ಟು ಬೇಕು, ಬಾಣಂತಿಗೆ ಏನು ತೆಗೆದಿಡಬೇಕು ಎಂಬ ಲೆಕ್ಕ ಬರವಣಿಗೆಯಲ್ಲಿ ಇಲ್ಲದಿದ್ದರೂ ಅತ್ತೆಯಿಂದ ಸೊಸೆಗೆ ದಾಟಿ ಬಂದಿತು.

೩

ಮನೆಯ ಸಂಗ್ರಹವು ಏಕಾಂತವನ್ನು ಎದುರಿಸಬಲ್ಲದು. ಆದರೆ ಮನೆಯ ಯಜಮಾನನೇ ಹಾಸಿಗೆ ಹಿಡಿದರೆ, ಹೆರಿಗೆಯ ಹೊತ್ತಿನಲ್ಲಿ ಹಳ್ಳ ತುಂಬಿದರೆ, ಕೊಟ್ಟಿಗೆಗೆ ಬೆಂಕಿ ಬಿದ್ದರೆ, ಅಟ್ಟದ ಮೇಲಿನ ಅಕ್ಕಿಯಿಂದ ಪ್ರಯೋಜನವಿಲ್ಲ. ಆಗ ನೆರೆಯವರು ಬೇಕು. ಈ ಸೀಮೆಯ ಮುಯ್ಯಾಳು ಪದ್ಧತಿಯು ಇಂಥ ಪ್ರಸಂಗಗಳಿಗೆ ಆಧಾರವಾಗಿತ್ತು. ಇಂದು ನಿಮ್ಮ ಗದ್ದೆಯ ನೆಟ್ಟಿಗೆ ನಾವು ಬಂದರೆ ನಾಳೆ ನಮ್ಮ ತೋಟದ ಕೆಲಸಕ್ಕೆ ನೀವು ಬರಬೇಕು ಎಂಬ ಒಪ್ಪಂದವು ಕೂಲಿಯ ಲೆಕ್ಕವಷ್ಟೇ ಆಗಿರಲಿಲ್ಲ. ವರ್ಷವೆಲ್ಲ ಹೀಗೆ ಕೂಡಿ ದುಡಿದವರಿಗೆ ಯಾರ ಮನೆಯಲ್ಲಿ ಎಷ್ಟು ಜನ, ಯಾರು ಅಶಕ್ತರು, ಯಾವ ದಾರಿಯಿಂದ ಹೋದರೆ ಬೇಗ ತಲಪಬಹುದು ಎಂಬುದು ಗೊತ್ತಿರುತ್ತಿತ್ತು. ಆಪತ್ಕಾಲದಲ್ಲಿ ಈ ತಿಳಿವಳಿಕೆಯೇ ಅರ್ಧ ಸಹಾಯ.

ಇದರ ಪ್ರತ್ಯಕ್ಷ ನಿದರ್ಶನವೆಂದರೆ ಕಾಲುಸಂಕ. ಮಳೆಗಾಲಕ್ಕೆ ಮುನ್ನ ಕೇರಿಯ ಜನರು ಕೂಡಿ ಮರದ ದಿಮ್ಮಿಗಳನ್ನೋ ಅಡಕೆಯ ಮರಗಳನ್ನೋ ಹಳ್ಳಕ್ಕೆ ಅಡ್ಡಲಾಗಿ ಹಾಕಿ ಬಳ್ಳಿಯಿಂದ ಬಿಗಿಯುತ್ತಿದ್ದರು. ಇದು ಒಬ್ಬನ ಆಸ್ತಿಯಲ್ಲ, ಸರಕಾರದ ಕಾಮಗಾರಿಯೂ ಅಲ್ಲ. ವರ್ಷವರ್ಷವೂ ಕೊಚ್ಚಿಹೋಗಬಹುದಾದ ಸಂಕವನ್ನು ವರ್ಷವರ್ಷವೂ ಕಟ್ಟುವುದರ ಮೂಲಕ ಕೇರಿಯು ತನ್ನ ಒಗ್ಗಟ್ಟನ್ನೂ ವರ್ಷಕ್ಕೊಮ್ಮೆ ದುರಸ್ತಿ ಮಾಡಿಕೊಳ್ಳುತ್ತಿತ್ತು ಎಂದರೆ ತಪ್ಪಾಗದು.

ಆದರೆ ಈ ಚಿತ್ರವನ್ನು ಕೇವಲ ಸುಂದರವಾಗಿ ಬಿಡಿಸಿದರೆ ಇತಿಹಾಸಕ್ಕೆ ಅಪಚಾರವಾದೀತು. ಮುಯ್ಯಿಯು ಸಮಾನರ ನಡುವೆ ನಡೆಯುವ ವ್ಯವಹಾರ. ಜಾತಿಯ ಗೆರೆಗಳು ಯಾರು ಯಾರ ಜಗುಲಿಯನ್ನು ಏರಬಹುದೆಂಬುದನ್ನು ನಿರ್ಣಯಿಸುತ್ತಿದ್ದವು. ಭೂಮಿಯಿಲ್ಲದ ಕೂಲಿಗೆ ಅಟ್ಟವೇ ಇರಲಿಲ್ಲ; ಗೇಣಿಯ ರೈತನು ಆಷಾಢ, ಶ್ರಾವಣಗಳಲ್ಲಿ ಒಡೆಯನ ಮನೆಯಿಂದ ಭತ್ತವನ್ನು ಕಡ ತಂದು ಸುಗ್ಗಿಯಲ್ಲಿ ಹೆಚ್ಚಾಗಿ ಅಳೆದುಕೊಡಬೇಕಾಗಿತ್ತು. ಒಬ್ಬನ ಸಂಗ್ರಹವು ಇನ್ನೊಬ್ಬನ ಋಣವಾಗಿ ಪರಿಣಮಿಸುವ ಸಮಾಜದಲ್ಲಿ ನೆರವು ಎಲ್ಲರಿಗೂ ಒಂದೇ ಅಳತೆಯಲ್ಲಿ ಒದಗಲಿಲ್ಲ. ಗೇಣಿದಾರನಿಗೆ ಭೂಮಿಯ ಒಡೆತನ ನೀಡಿದ, ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯನ್ನು ನಾವು ಸಾಮಾನ್ಯವಾಗಿ ಆರ್ಥಿಕ ನ್ಯಾಯದ ದೃಷ್ಟಿಯಿಂದ ಮಾತ್ರ ನೋಡುತ್ತೇವೆ. ಮುನ್ಸಿದ್ಧತೆಯ ಇತಿಹಾಸದಲ್ಲಿಯೂ ಅದಕ್ಕೆ ಸ್ಥಾನವಿದೆ. ಅನೇಕ ಮನೆಗಳ ಮಳೆಗಾಲದ ಉಗ್ರಾಣವು ಸ್ವಂತದ್ದಾದದ್ದು ಅದರ ತರುವಾಯವೇ.

೪

ನೆರೆಯ ನೆರವಿನ ನಿಜವಾದ ಪರೀಕ್ಷೆ ನಡೆದದ್ದು ಚಳಿಜ್ವರದ ಕಾಲದಲ್ಲಿ. ೧೮೦೧ರಲ್ಲಿ ಫ್ರಾನ್ಸಿಸ್ ಬುಕಾನನ್ ಯಲ್ಲಾಪುರ, ಸೋಂದೆ, ಶಿರಸಿ, ಬನವಾಸಿಗಳ ಮಾರ್ಗವಾಗಿ ಪ್ರಯಾಣ ಮಾಡಿ ಈ ಸೀಮೆಯ ತೋಟಗಳನ್ನೂ ಪಾಳುಬಿದ್ದ ನೆಲಗಳನ್ನೂ ಕಂಡು ಬರೆದಿಟ್ಟನು. ೧೮೬೨ರಲ್ಲಿ ಜಿಲ್ಲೆಯು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ೧೮೮೩ರಲ್ಲಿ ಹೊರಬಂದ ಮುಂಬಯಿ ಗ್ಯಾಝೆಟಿಯರಿನ ಕಾನಡಾ ಸಂಪುಟವು ಘಟ್ಟದ ಮೇಲಿನ ಜ್ವರದ ಉಪದ್ರವವನ್ನು ವರ್ಣಿಸುತ್ತದೆ. ಇಡೀ ಜಿಲ್ಲೆಯ ಜನಸಂಖ್ಯೆಯು ೧೯೦೧ರಲ್ಲಿ ಸುಮಾರು ೪,೫೪,೦೦೦ ಇದ್ದದ್ದು ೧೯೨೧ರ ಹೊತ್ತಿಗೆ ಸುಮಾರು ೪ ಲಕ್ಷಕ್ಕೆ ಇಳಿಯಿತು. ಈ ಇಳಿತದಲ್ಲಿ ಪ್ಲೇಗಿನ ಪಾಲೂ ೧೯೧೮ರ ಇನ್‌ಫ್ಲುಯೆಂಝಾದ ಪಾಲೂ ಇದೆ. ಆದರೆ ಘಟ್ಟದ ಮೇಲೆ ವರ್ಷ ಬಿಡದೆ ಜನರನ್ನು ಸವೆಸಿದ್ದು ಮಲೇರಿಯವೇ.

ಇಲ್ಲಿ ಮುಯ್ಯಾಳಿನ ಮಿತಿ ಸ್ಪಷ್ಟವಾಗುತ್ತದೆ. ಒಂದು ಮನೆಗೆ ಕಷ್ಟ ಬಂದು ಒಂಬತ್ತು ಮನೆಗಳು ಸುಖವಾಗಿದ್ದರೆ ಒಂಬತ್ತು ಮನೆಗಳು ಒಂದನ್ನು ಎತ್ತಿ ನಿಲ್ಲಿಸಬಲ್ಲವು. ಹತ್ತು ಮನೆಗಳಲ್ಲಿಯೂ ಏಕಕಾಲಕ್ಕೆ ಜನ ನಡುಗುತ್ತ ಮಲಗಿದರೆ ಮುಯ್ಯಿ ತೀರಿಸುವವರು ಯಾರು? ಸಮಾನವಾಗಿ ಹಂಚಿಹೋದ ವಿಪತ್ತಿನಲ್ಲಿ ನೆರೆಹೊರೆಯು ಅಸಹಾಯವಾಗುತ್ತದೆ. ಶಿರಸಿಯ ಮಾರಿಕಾಂಬೆಯ ಜಾತ್ರೆಗೆ ಮುನ್ನ ನಡೆಯುವ ಹೊರಬೀಡುಗಳಲ್ಲಿಯೂ, ಬಯಲುಸೀಮೆಯಲ್ಲಿ ಪ್ಲೇಗು ಬಂದಾಗ ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡದ್ದರಲ್ಲಿಯೂ, ಒಟ್ಟು ಊರಿಗೇ ಬರುವ ಕೇಡನ್ನು ಒಟ್ಟು ಊರೇ ಎದುರಿಸಬೇಕೆಂಬ ಭಾವನೆಯನ್ನು ಕಾಣಬಹುದು. ಆದರೆ ಮಲೇರಿಯಕ್ಕೆ ಹೊರಗಿನ ವಿಜ್ಞಾನವೂ ಹೊರಗಿನ ಸಂಘಟನೆಯೂ ಬೇಕಾದವು. ಮುಂಬಯಿ ಪ್ರಾಂತದಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ೧೯೪೬ರ ಸುಮಾರಿಗೆ ಕಾನಡಾ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಡಿ.ಡಿ.ಟಿ. ಸಿಂಪಡಿಸುವ ಪ್ರಯೋಗ ನಡೆಯಿತು. ಅದರ ಯಶಸ್ಸಿನ ಅನುಭವವು ೧೯೫೩ರ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮಕ್ಕೆ ಉಪಯುಕ್ತವಾಯಿತು. ಭಾರತವೇ ನೋಡಿ ಕಲಿತ ಪಾಠವೊಂದು ಈ ಕಾಡಿನ ಮನೆಗಳ ಗೋಡೆಗಳ ಮೇಲೆ ಮೊದಲು ಬರೆಯಲ್ಪಟ್ಟಿತು ಎಂದು ಹೇಳಬಹುದು.

ಅಡಕೆಯ ಕೊಳೆರೋಗವೂ ಇದೇ ಜಾತಿಯ ವಿಪತ್ತು. ಮಳೆ ಹಿಡಿದು ಬಿಡದಿದ್ದ ವರ್ಷ ಕಣಿವೆಯ ಎಲ್ಲ ತೋಟಗಳಲ್ಲಿಯೂ ಎಳೆಯ ಕಾಯಿ ಒಟ್ಟಿಗೆ ಉದುರುತ್ತದೆ. ಹಿಂದಿನವರು ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯ ನೀರು ತಾಗದಂತೆ ಕಾಪಾಡುತ್ತಿದ್ದರು. ಈ ಶತಮಾನದ ಹಿಂದಿನ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು ಸಂಸ್ಥಾನದ ಕೃಷಿ ಖಾತೆಯ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಶೋಧಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಆದರೆ ಮೈಲುತುತ್ತಕ್ಕೆ ಮಳೆಗೆ ಮುನ್ನವೇ ಹಣ ಬೇಕು. ಅಡಕೆ ಮಾರಿ ಹಣ ಬರುವುದು ಅದರ ಎಷ್ಟೋ ತಿಂಗಳ ಮೇಲೆ. ಈ ಅಂತರವನ್ನು ಸಾಹುಕಾರನು ತನ್ನ ಬಡ್ಡಿಯಿಂದ ತುಂಬುತ್ತಿದ್ದನು.

ಸಹಕಾರಿ ಚಳುವಳಿಯ ಮಹತ್ವವು ಇಲ್ಲಿದೆ. ೧೯೦೪ರ ಕಾಯಿದೆಯ ಮರುವರ್ಷವೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕೃಷಿಪತ್ತಿನ ಸಂಘವನ್ನು ಸ್ಥಾಪಿಸಿದ ಸಂಗತಿ ಸುವಿದಿತ. ಶಿರಸಿಯಲ್ಲಿ ೧೯೨೦ರಲ್ಲಿ ಜಿಲ್ಲಾ ಮಧ್ಯವರ್ತಿ ಸಹಕಾರಿ ಬ್ಯಾಂಕೂ, ೧೯೨೩ರಲ್ಲಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯೂ ತಲೆಯೆತ್ತಿದವು. ಇವುಗಳನ್ನು ವ್ಯಾಪಾರದ ಸಂಸ್ಥೆಗಳೆಂದು ಮಾತ್ರ ಭಾವಿಸುವುದು ಸರಿಯಲ್ಲ. ಒಂದು ಕಣಿವೆಯ ಬೆಳೆ ಹೋದರೆ ಇನ್ನೊಂದು ಕಣಿವೆಯ ಬೆಳೆ ಉಳಿದಿರುತ್ತದೆ; ಹತ್ತಾರು ಕಣಿವೆಗಳನ್ನು ಒಂದು ಲೆಕ್ಕದ ಪುಸ್ತಕದಲ್ಲಿ ಜೋಡಿಸಿದಾಗ ನೆರೆಯ ನೆರವು ಯಾವ ಮಿತಿಯಲ್ಲಿ ಸೋತಿತ್ತೋ ಆ ಮಿತಿಯನ್ನು ದಾಟಿದಂತಾಯಿತು. ಸಂಘವೆಂದರೆ ವಿಸ್ತಾರಗೊಂಡ ಮುಯ್ಯಿಯೇ. ಹೀಗೆ ಬೆಳೆದ ವಿಶ್ವಾಸವು ಬೇರೆ ಪ್ರಸಂಗಗಳಲ್ಲಿಯೂ ಫಲಿಸಿತು. ಬೇಡ್ತಿ ಜಲವಿದ್ಯುತ್ ಯೋಜನೆಯ ಸಾಧಕ-ಬಾಧಕಗಳನ್ನು ಚರ್ಚಿಸಲು ೧೯೮೧ರಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳ ವಿಚಾರಸಂಕಿರಣ ನಡೆದಾಗ ಅದರ ಹಿಂದೆ ತೋಟಗಾರರ ಈ ಸಂಘವೇ ನಿಂತಿತ್ತು. ೧೯೮೩ರ ಸಪ್ಟಂಬರದಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಕಡೆ ಜನರು ಮರಗಳನ್ನು ಅಪ್ಪಿ ನಿಂತ ಅಪ್ಪಿಕೋ ಚಳುವಳಿಯೂ ಇದೇ ನೆಲದಲ್ಲಿ ಹುಟ್ಟಿತು.

೫

ಮುನ್ಸಿದ್ಧತೆಯ ಇನ್ನೊಂದು ಮುಖವನ್ನು ೧೯೩೦-೩೪ರ ಕರನಿರಾಕರಣೆಯಲ್ಲಿ ಕಾಣುತ್ತೇವೆ. ಅಂಕೋಲೆ ಮತ್ತು ಸಿದ್ದಾಪುರ ತಾಲೂಕುಗಳ ರೈತರು ಭೂಕಂದಾಯವನ್ನು ಕೊಡಲು ನಿರಾಕರಿಸಿದಾಗ ಸರಕಾರವು ಚರಾಸ್ತಿಯನ್ನೂ ಭೂಮಿಯನ್ನೂ ಜಪ್ತು ಮಾಡಿ ಹರಾಜು ಹಾಕಿತು. ನೂರಾರು ಕುಟುಂಬಗಳು ನೆಲೆ ಕಳೆದುಕೊಂಡವು. ಇದುವರೆಗೆ ನಾವು ವರ್ಣಿಸಿದ ಅಟ್ಟ, ಕಣಜ, ಕೊಟ್ಟಿಗೆಗಳು ಪ್ರಕೃತಿಯಿಂದ ರಕ್ಷಣೆ ಕೊಡುತ್ತಿದ್ದವು. ಜಪ್ತಿಯ ಕಾಲದಲ್ಲಿ ಅವೇ ಗುರಿಯಾದವು. ಕೂಡಿಟ್ಟದ್ದೆಲ್ಲ ಕೈತಪ್ಪಿದಾಗ ಉಳಿಯುವುದು ಪರಸ್ಪರ ವಿಶ್ವಾಸವೊಂದೇ. ಜಪ್ತಾದ ಆಸ್ತಿಯನ್ನು ಕೊಂಡವರ ಮನೆಯ ಮುಂದೆ ಮಾವಿನಗುಂಡಿಯಲ್ಲಿ ಮಹಿಳೆಯರು ಉಪವಾಸ ಕುಳಿತದ್ದು ಈ ದೃಷ್ಟಿಯಿಂದ ಅರ್ಥಪೂರ್ಣ. ಕೊಳ್ಳುವ ನೆರೆಯವನಿಲ್ಲದಿದ್ದರೆ ಹರಾಜಿಗೆ ಬಲವಿಲ್ಲ. ಆದುದರಿಂದ ಅವರು ತಹಶೀಲದಾರನ ಕಚೇರಿಗಿಂತ ಹೆಚ್ಚಾಗಿ ನೆರೆಯವನ ಮನಸ್ಸಾಕ್ಷಿಯನ್ನೇ ತಟ್ಟಿದರು. ಮಳೆಗಾಲದ ಉಗ್ರಾಣದ ಲೆಕ್ಕವಿಡುತ್ತಿದ್ದ ಹೆಂಗಸರೇ ಉಗ್ರಾಣ ಬರಿದಾದಾಗ ಮುಂದೆ ಬಂದರೆಂಬುದನ್ನು ಇತಿಹಾಸಕಾರರು ಇನ್ನೂ ಹೆಚ್ಚಿನ ಲಕ್ಷ್ಯದಿಂದ ಪರಿಶೀಲಿಸಬೇಕು. ೧೯೩೭ರಲ್ಲಿ ಬಾಳಾಸಾಹೇಬ ಖೇರರ ಮಂತ್ರಿಮಂಡಲ ಅಧಿಕಾರಕ್ಕೆ ಬಂದ ತರುವಾಯ, ೧೯೩೮ರ ಕಾಯಿದೆಯ ಮೂಲಕ ಜಪ್ತಾದ ಭೂಮಿಗಳು ಮರಳಿದವು.

೬

ಈಗ ನಮ್ಮ ಕಾಲಕ್ಕೆ ಬರೋಣ. ೧೯೫೭ರಲ್ಲಿ ಸಿದ್ದಾಪುರಕ್ಕೆ ನೆರೆಯಾದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಅದರ ಬೆನ್ನಿಗೆ ಮನುಷ್ಯರಲ್ಲಿ ಹೊಸ ಜ್ವರವೊಂದು ಕಾಣಿಸಿಕೊಂಡಿತು. ಉಣುಗುಗಳಿಂದ ಹರಡುವ ಈ ಕ್ಯಾಸನೂರು ಕಾಡಿನ ರೋಗ, ಜನರ ಬಾಯಲ್ಲಿ ಮಂಗನಕಾಯಿಲೆ, ೨೦೨೪ರ ಆರಂಭದಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಜೀವಗಳನ್ನು ಬಲಿತೆಗೆದುಕೊಂಡಿತು. ಹಿಂದಿನಿಂದ ಕೊಡುತ್ತಿದ್ದ ಲಸಿಕೆಯು ಸಾಕಷ್ಟು ಪರಿಣಾಮಕಾರಿಯಲ್ಲವೆಂದು ೨೦೨೨ರಲ್ಲಿ ಅದನ್ನು ನಿಲ್ಲಿಸಲಾಗಿತ್ತು. ಗಮನಾರ್ಹ ಸಂಗತಿಯೆಂದರೆ ಈ ರೋಗದ ಕಾಲ ಡಿಸೆಂಬರದಿಂದ ಮೇ ತಿಂಗಳ ವರೆಗೆ. ದರಕು ಗುಡಿಸುವ, ಕಟ್ಟಿಗೆ ತರುವ ಕಾಲವೂ ಅದೇ. ಅಂದರೆ ಮಳೆಗಾಲದ ಆಪತ್ತಿಗೆಂದು ಮಾಡುವ ಹಳೆಯ ಸಿದ್ಧತೆಯೇ ಬೇಸಗೆಯ ಆಪತ್ತಿಗೆ ಬಾಗಿಲು ತೆರೆಯುತ್ತದೆ. ಹಾಗೆಂದು ಬೆಟ್ಟಕ್ಕೆ ಹೋಗಬೇಡಿರೆಂದರೆ ಕೊಟ್ಟಿಗೆ ನಡೆಯದು, ತೋಟಕ್ಕೆ ಗೊಬ್ಬರವಿಲ್ಲ. ಇಲ್ಲಿ ಮೂರು ಸ್ತರಗಳೂ ಕೂಡಿಯೇ ಕೆಲಸ ಮಾಡಬೇಕು: ಮೈಗೆ ಉಣುಗು ನಿವಾರಕ ತೈಲ ಹಚ್ಚಿಕೊಂಡು ಹೋಗುವುದೂ ಬಂದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ತೊಳೆಯುವುದೂ ಮನೆಯ ಶಿಸ್ತು; ಯಾವ ಬೆಟ್ಟದಲ್ಲಿ ಮಂಗ ಸತ್ತಿದೆಯೆಂಬ ಸುದ್ದಿಯನ್ನು ಅದೇ ದಿನ ಕೇರಿಗೂ ಆರೋಗ್ಯ ಕೇಂದ್ರಕ್ಕೂ ಮುಟ್ಟಿಸುವುದು ನೆರೆಯ ಕರ್ತವ್ಯ; ರಕ್ತಪರೀಕ್ಷೆ, ಚಿಕಿತ್ಸೆ, ಹೊಸ ಲಸಿಕೆಯ ಸಂಶೋಧನೆ ಸರಕಾರದ ಹೊಣೆ.

೨೦೨೧ರ ಜುಲೈ ತಿಂಗಳ ಮಹಾಮಳೆಯು ಇನ್ನೊಂದು ಪಾಠವನ್ನು ಕಲಿಸಿತು. ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಮನೆ, ತೋಟ, ರಸ್ತೆಗಳು ಹಾಳಾದವು. ಅದೇ ತಾಲೂಕಿನ ಗುಳ್ಳಾಪುರದ ಸೇತುವೆಯು ಕೊಚ್ಚಿಹೋಗಿ ಆಚೆಯ ಹಳ್ಳಿಗಳು ಬೇರ್ಪಟ್ಟವು. ೨೦೨೪ರ ಜುಲೈ ೧೬ರಂದು ಘಟ್ಟದ ಕೆಳಗೆ ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಜಾರಿತು. ಹಿಂದಿನ ವಿಪತ್ತುಗಳಲ್ಲಿ ಮನೆಯೇ ಆಶ್ರಯವಾಗಿತ್ತು. ಗುಡ್ಡ ಕುಸಿಯುವಾಗ ಮನೆಯನ್ನು ತೊರೆಯುವುದೇ ರಕ್ಷಣೆ. ಅಟ್ಟದ ಮೇಲಿನ ಸಂಗ್ರಹವನ್ನು ಹೊತ್ತು ಓಡಲಾಗದು. ಯಾವ ಸೂಚನೆ ಕಂಡರೆ ಹೊರಡಬೇಕು, ಎಲ್ಲಿಗೆ ಹೋಗಬೇಕು, ನಡೆಯಲಾರದ ಮುದುಕರನ್ನು ಯಾರು ಎತ್ತಿಕೊಳ್ಳಬೇಕು ಎಂಬುದನ್ನು ಮೊದಲೇ ನಿಶ್ಚಯಿಸಬೇಕು.

ಈ ನಿಶ್ಚಯವು ಹಿಂದಿಗಿಂತ ಇಂದು ಕಠಿಣವಾಗಿದೆ. ಹರೆಯದವರು ಬೆಂಗಳೂರು ಮೊದಲಾದ ನಗರಗಳಿಗೆ ಹೋಗಿರುವುದರಿಂದ ಅನೇಕ ಮನೆಗಳಲ್ಲಿ ವೃದ್ಧ ದಂಪತಿಗಳಷ್ಟೇ ಉಳಿದಿದ್ದಾರೆ. ರಸ್ತೆ ಬಂದುದರಿಂದ ಅಟ್ಟ ಬರಿದಾಯಿತು. ಸೇತುವೆ ಬಂದುದರಿಂದ ಸಂಕ ಕಟ್ಟುವ ಕೂಟ ನಿಂತಿತು. ದೂರವಾಣಿ ಬಂದುದರಿಂದ ನೆರೆಮನೆಗೆ ನಡೆದು ಹೋಗುವ ರೂಢಿ ತಪ್ಪಿತು. ರಸ್ತೆಯೂ ಸೇತುವೆಯೂ ದೂರವಾಣಿಯೂ ಬೇಡವೆಂದು ನಾವು ಹೇಳುತ್ತಿಲ್ಲ. ಅವು ಮುರಿದುಬಿದ್ದ ದಿನ ಅವುಗಳ ಹಿಂದೆ ಆಸರೆಯಾಗಿ ಇನ್ನೇನೂ ಉಳಿದಿರುವುದಿಲ್ಲ ಎಂಬುದಷ್ಟೇ ನಮ್ಮ ಕಳವಳ.

ಹೊರದೇಶಗಳ ಅನುಭವವೂ ಇದನ್ನು ಸಮರ್ಥಿಸುತ್ತದೆ. ೧೯೭೦ರ ಭೀಕರ ಚಂಡಮಾರುತದ ತರುವಾಯ ಬಾಂಗ್ಲಾದೇಶದಲ್ಲಿ ೧೯೭೨ರಿಂದ ಹಳ್ಳಿಯ ಸ್ವಯಂಸೇವಕರ ಮೂಲಕ ಮುನ್ಸೂಚನೆಯನ್ನು ಮನೆಮನೆಗೆ ಮುಟ್ಟಿಸುವ ವ್ಯವಸ್ಥೆ ಬೆಳೆಯಿತು. ಜಪಾನಿನ ಕೋಬೆಯಲ್ಲಿ ೧೯೯೫ರ ಜನವರಿ ೧೭ರ ಭೂಕಂಪದಲ್ಲಿ ಅವಶೇಷಗಳಡಿಯಿಂದ ಜೀವಂತವಾಗಿ ಹೊರಬಂದವರಲ್ಲಿ ಬಹುಪಾಲು ಜನರನ್ನು ಎತ್ತಿದವರು ಮನೆಯವರೂ ನೆರೆಯವರೂ. ನಮ್ಮಲ್ಲಿಯೂ ೨೦೦೫ರ ವಿಪತ್ತು ನಿರ್ವಹಣಾ ಕಾಯಿದೆಯಿದೆ. ೧೯೮೮ರಲ್ಲಿ ಬರದ ನಿಗಾ ಘಟಕವಾಗಿ ಆರಂಭವಾಗಿ ಈಗ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿರುವ ಸಂಸ್ಥೆಯ ಮಳೆಮಾಪಕಗಳು ಗ್ರಾಮಪಂಚಾಯತಿಗಳ ಮಟ್ಟದ ವರೆಗೂ ಬಂದಿವೆ. ಮಳೆ ಎಷ್ಟು ಬಿತ್ತೆಂದು ಯಂತ್ರ ಹೇಳಬಲ್ಲದು. ಹಳ್ಳದಾಚೆಯ ಮನೆಯಲ್ಲಿ ದೀಪ ಹೊತ್ತಿಲ್ಲವೆಂಬುದನ್ನು ನೆರೆಯವನೇ ಕಾಣಬೇಕು.

ಮೇಲಿನ ವಿವೇಚನೆಯಿಂದ ಕಾಲೇಜುಗಳಿಗೆ ಒಂದು ಕೆಲಸ ಒದಗುತ್ತದೆ. ಪ್ರತಿಯೊಂದು ಗ್ರಾಮದಲ್ಲಿ ಕಾಲುಸಂಕಗಳಿದ್ದ ಸ್ಥಳ, ಹಿಂದೆ ಧರೆ ಕುಸಿದ ಜಾಗ, ಬತ್ತದ ಅಬ್ಬಿ, ಒಂಟಿಯಾಗಿರುವ ವೃದ್ಧರ ಮನೆ, ವಾಹನವುಳ್ಳ ಮನೆ, ಇವನ್ನು ವಿದ್ಯಾರ್ಥಿಗಳು ಹಿರಿಯರನ್ನು ಕೇಳಿ ಬರೆದಿಟ್ಟರೆ ಅದು ಸ್ಥಳೀಯ ಇತಿಹಾಸಕ್ಕೆ ಸಾಮಗ್ರಿಯೂ ಆದೀತು, ಮುಂದಿನ ಮಳೆಗಾಲಕ್ಕೆ ಕೈಪಿಡಿಯೂ ಆದೀತು. ಆ ಪಟ್ಟಿಯ ಒಂದು ಪ್ರತಿಯು ಗ್ರಾಮಪಂಚಾಯತಿಯಲ್ಲಿ, ಒಂದು ಸೇವಾ ಸಹಕಾರಿ ಸಂಘದಲ್ಲಿ, ಒಂದು ಶಾಲೆಯಲ್ಲಿ ಇರಲಿ. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಊರವರ ಎದುರಿಗೆ ಅದನ್ನು ಓದಿ ತಿದ್ದಲಿ. ಓದುವ ಸಭೆಗೆ ಭೂಮಿಯಿದ್ದವರಷ್ಟೇ ಅಲ್ಲ, ಕೂಲಿಕಾರರೂ ಹೆಂಗಸರೂ ಬರಬೇಕು. ಹಿಂದಿನ ಪದ್ಧತಿಯ ಕೊರತೆ ಅಲ್ಲಿಯೇ ಇತ್ತು. ಈ ಪಟ್ಟಿಯ ಕೆಲಸವನ್ನು ಮೊದಲು ಒಂದು ಗ್ರಾಮದಲ್ಲಿ, ಒಂದು ಮಳೆಗಾಲಕ್ಕೆ ಮುನ್ನ, ಮಾಡಿ ನೋಡುವುದು ಸಾಧ್ಯವೂ ಹೌದು, ಅಗತ್ಯವೂ ಹೌದು.